ವಾರಾಹಿಯ ದಂಡೆಯ ಬಸರೂರು

ಕೆಳದಿಯ ಅರಸುಮನೆತನದ ಚರಿತ್ರೆಯನ್ನು ನಾವು ಕಲಿತದ್ದು ಘಟ್ಟದ ಮೇಲೆ. ಮಠದ ಪಾಠಶಾಲೆಯಲ್ಲಿ ಗುರುಗಳು ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವನ್ನು ಪಾಠ ಹೇಳುತ್ತಿದ್ದಾಗ ಕೆಳದಿ, ಇಕ್ಕೇರಿ, ಬಿದನೂರು, ಕವಲೆದುರ್ಗ ಎಂಬ ಹೆಸರುಗಳು ಬಂದಾಗಲೆಲ್ಲ ಕೋಟೆ, ಕೆರೆ, ಮಠ, ಮಲೆಗಳು ನಮ್ಮ ಕಣ್ಣ ಮುಂದೆ ಸುಳಿಯುತ್ತಿದ್ದವು. ಪಾಠದ ನಡುವೆ ಗುರುಗಳು ಕೆಳಗಿನ ಬಸರೂರಿನ ಹೆಸರನ್ನು ಎತ್ತಿದಾಗ ಮಾತ್ರ ಏನೂ ಸುಳಿಯುತ್ತಿರಲಿಲ್ಲ. ಅದು ಸಮುದ್ರದ ಕಡೆಯ ಊರು, ಶಿವಪ್ಪನಾಯಕರು ಪರಂಗಿಯವರನ್ನು ಓಡಿಸಿದ ಸ್ಥಳ ಎಂದಿಷ್ಟೇ ಬರೆದುಕೊಂಡು ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆವು. ಅಲ್ಲಿಂದೀಚೆಗೆ ನಲವತ್ತು ವರ್ಷ ಪ್ರವಚನ ಮಾಡಿದೆವು, ಬಸರೂರಿಗೆ ಕಾಲಿಡಲಿಲ್ಲ. ಕಳೆದ ಮಾಘಮಾಸದಲ್ಲಿ ಮಠದ ಹಳೆಯ ವಿದ್ಯಾರ್ಥಿಯಾದ ಅಧ್ಯಾಪಕರೊಬ್ಬರು, ಅವರ ತರುಣ ಪುತ್ರ ಮತ್ತು ನಾವು, ಹೀಗೆ ಮೂವರು ಆ ಲೋಪವನ್ನು ತಿದ್ದಿಕೊಳ್ಳಲು ಹೊರಟೆವು.

ಬೆಳಗಿನ ಜಾವದಲ್ಲಿ ನಗರದ ಕೋಟೆಯನ್ನು ಎಡಕ್ಕೋ ಬಲಕ್ಕೋ ಎಂದು ತಿಳಿಯದಷ್ಟು ಮಂಜಿನಲ್ಲಿ ದಾಟಿದೆವು. ಇಕ್ಕೇರಿಯಿಂದ 1639ರ ಸುಮಾರಿಗೆ ರಾಜಧಾನಿ ಬಂದು ನೆಲೆಸಿದ ಬಿದನೂರು ಇದೇ. ಅರಸರು ಇಕ್ಕೇರಿಯ ಬಯಲನ್ನು ಬಿಟ್ಟು ಈ ಮಳೆಯ ಕೊಳ್ಳಕ್ಕೆ ಏಕೆ ಬಂದರೆಂಬುದಕ್ಕೆ ವಿದ್ವಾಂಸರು ಹಲವು ಕಾರಣಗಳನ್ನು ಕೊಡುತ್ತಾರೆ. ಹುಲಿಕಲ್ಲು ದಾಟಿ ಬಾಳೆಬರೆ ಘಾಟಿಯ ತಿರುವುಗಳಲ್ಲಿ ವಾಹನ ಇಳಿಯತೊಡಗಿದಾಗ ನಮಗೆ ಒಂದು ಕಾರಣ ಕಣ್ಣಿಗೇ ಕಂಡಿತು. ಬಿದನೂರಿನಿಂದ ಕಡಲಿಗೆ ದಾರಿ ಹತ್ತಿರ. ಈ ಇಳಿಜಾರಿನಲ್ಲೇ ಹೇರೆತ್ತುಗಳು ಮೆಣಸನ್ನು ಹೊತ್ತು ಇಳಿದವು, ಉಪ್ಪನ್ನು ಹೊತ್ತು ಏರಿದವು. ಕೆಳಗೆ ಹೊಸಂಗಡಿಯಲ್ಲಿ ವಾರಾಹಿಯ ವಿದ್ಯುದಾಗಾರವು ನೆಲದಡಿಯಲ್ಲಿದೆ. ಮೇಲೆ ಮಾಣಿಯಲ್ಲಿ ಕಟ್ಟೆ ಕಟ್ಟಿದ ಮೇಲೆ ಕುಂಚಿಕಲ್ಲಿನ ಅಬ್ಬಿ ಮಳೆಗಾಲದ ಅತಿಥಿಯಾಗಿಬಿಟ್ಟಿದೆ. ನದಿಯನ್ನು ನೋಡಲು ಹೊರಟವರಿಗೆ ನದಿ ಮೊದಲು ಕಂಡದ್ದು ತಂತಿಗಂಬಗಳ ರೂಪದಲ್ಲಿ.

ಸಿದ್ದಾಪುರ, ಅಂಪಾರು, ಕಂಡ್ಲೂರುಗಳನ್ನು ಕಳೆದು ಸೇತುವೆಯ ಮೇಲೆ ಬಂದಾಗ ಮಾತ್ರ ವಾರಾಹಿಯ ನಿಜವಾದ ದರ್ಶನವಾಯಿತು. ಘಟ್ಟದಲ್ಲಿ ಬಂಡೆಗಳ ಮೇಲೆ ಉರುಳುತ್ತಿದ್ದ ಹೊಳೆ ಇಲ್ಲಿ ಅಗಲವಾಗಿ, ಹಸುರಾಗಿ, ಅವಸರವಿಲ್ಲದೆ ಇದೆ. ಎರಡೂ ದಡಗಳಲ್ಲಿ ತೆಂಗು, ನಡುನಡುವೆ ಕುದ್ರುಗಳು. ನದಿಯ ನಡುವಿನ ನಡುಗಡ್ಡೆಗೆ ಈ ಸೀಮೆಯಲ್ಲಿ ಕುದ್ರು ಎನ್ನುತ್ತಾರೆ. ಅಲ್ಲಿಯೂ ಮನೆ, ಗದ್ದೆ, ದನಗಳಿವೆ. ಈ ನೀರು ಮುಂದೆ ಗಂಗೊಳ್ಳಿಯ ಅಳಿವೆಯ ಬಳಿ ಸೌಪರ್ಣಿಕೆ, ಚಕ್ರಾ, ಕುಬ್ಜಾ, ಕೇಟಕಗಳೊಡನೆ ಕೂಡಿ ಪಂಚಗಂಗಾವಳಿ ಎನಿಸಿಕೊಂಡು ಕಡಲು ಸೇರುತ್ತದೆ. ಬಸರೂರು ಆ ಅಳಿವೆಗಿಂತ ಒಳಗೆ, ಕುಂದಾಪುರ ಪಟ್ಟಣದಿಂದ 5–6 ಕಿಲೋಮೀಟರ್ ದೂರದಲ್ಲಿ, ನದಿಯ ತೆಂಕಣ ದಡದಲ್ಲಿದೆ.

ಬಸರೂರಿನಲ್ಲಿ ನಮ್ಮನ್ನು ಬರಮಾಡಿಕೊಂಡವರು ಅಧ್ಯಾಪಕರ ಪರಿಚಯದ ಹಿರಿಯ ವರ್ತಕರೊಬ್ಬರು. ನಮ್ಮ ಮತದವರಲ್ಲ, ಆದರೆ ಮಠಾಧೀಶರಿಗೆ ಸಲ್ಲುವ ಮರ್ಯಾದೆಯನ್ನು ನಮ್ಮಂತಹ ಸಾಮಾನ್ಯ ಶಾಸ್ತ್ರಿಗೂ ತೋರಿಸಿದರು. ಪ್ರಸಾದಕ್ಕೆ ಮುನ್ನ ಲಿಂಗಪೂಜೆಯಾಗಬೇಕಿತ್ತು. ನದಿ ಮನೆಯ ಹಿತ್ತಿಲಿಗೇ ಹತ್ತಿದೆ. ವಾರಾಹಿಯ ಅಗ್ಘಣಿಯಿಂದಲೇ ಲಿಂಗಕ್ಕೆ ಮಜ್ಜನ ಮಾಡಿಸಿದರಾಯಿತೆಂದು ತಂಬಿಗೆ ಹಿಡಿದು ಮೆಟ್ಟಿಲಿಳಿದೆವು. ಹಿಂದಿನಿಂದ ಆ ಮನೆಯ ಹಿರಿಯ ತಾಯಿ ಕೂಗಿ ಹೇಳಿದರು: “ಹ್ವಾಯ್, ಅದ್ ಉಪ್ಪ್ ನೀರ್! ಬಾವಿ ನೀರ್ ಕೊಡ್ತೆ, ಬನಿ.” ನೀರನ್ನು ನಾಲಗೆಗೆ ಮುಟ್ಟಿಸಿ ನೋಡಿದೆವು, ಉಪ್ಪೇ. ಬೇಸಗೆ ಹತ್ತಿರವಾದಂತೆ ಕಡಲಿನ ಉಬ್ಬರ ಇಷ್ಟು ಒಳಕ್ಕೆ ಏರಿ ಬರುತ್ತದೆ. ಆ ತಾಯಿ ಸೇದಿ ಕೊಟ್ಟ ಬಾವಿಯ ನೀರಿನಿಂದ ಪೂಜೆ ನೆರವೇರಿತು. ಈ ಒಂದು ತಂಬಿಗೆ ಉಪ್ಪುನೀರು ನಮಗೆ ಕಲಿಸಿದ್ದನ್ನು ಪುಸ್ತಕಗಳು ಕಲಿಸಿರಲಿಲ್ಲ. ಉಬ್ಬರ ಏರುವ ತನಕವೇ ಹಡಗೂ ಏರುತ್ತದೆ. ಉಬ್ಬರದ ಬೆನ್ನೇರಿ ಬಂದ ಸರಕು ಇಲ್ಲಿ ಇಳಿಯುತ್ತಿತ್ತು; ಇಳಿತದ ಜೊತೆಗೆ ಅಕ್ಕಿಯ ದೋಣಿಗಳು ಹೊರಡುತ್ತಿದ್ದವು. ಊರು ಇಲ್ಲಿಯೇ ಏಕೆ ಹುಟ್ಟಿತೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಸುಮಾರು 1342ರಲ್ಲಿ ಈ ಕರಾವಳಿಯಗುಂಟ ಸಾಗಿದ ಅರಬ ಪ್ರವಾಸಿ ಇಬ್ನ್ ಬತೂತ, ದೊಡ್ಡ ಹಿನ್ನೀರಿನ ದಂಡೆಯ, ತೆಂಗು ತುಂಬಿದ ಈ ಚಿಕ್ಕ ಊರನ್ನು ಅಬೂಸರೂರ್ ಎಂದು ಬರೆದಿದ್ದಾನೆ. ಅವನ ಮುಂದಿನ ನಿಲುಗಡೆ ಫಾಕನೂರ್, ಎಂದರೆ ನಮ್ಮ ಬಾರಕೂರು. ಅಲ್ಲಿನ ಕಬ್ಬನ್ನು ಅವನು ಬಹಳ ಹೊಗಳಿದ್ದಾನೆ. ಪೋರ್ಚುಗೀಸರ ಬಾಯಲ್ಲಿ ಬಸರೂರು ಬಾರ್ಸೆಲೋರ್ ಆಯಿತು. ಹದಿನಾರನೆಯ ಶತಮಾನದ ಆರಂಭದಲ್ಲಿ ದುವಾರ್ತೆ ಬಾರ್ಬೊಸಾ ಎಂಬವನು ಇಲ್ಲಿಂದ ಅಕ್ಕಿ ಮಲಬಾರಿಗೂ ಅರಬ್ಬೀ ಕಡಲಿನಾಚೆಯ ರೇವುಗಳಿಗೂ ಹೋಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಊರ ಜನ ಮಾತ್ರ ವಸು ಚಕ್ರವರ್ತಿ ಕಟ್ಟಿದ್ದರಿಂದ ಇದು ವಸುಪುರವೆಂದು ಹೇಳುತ್ತಾರೆ. ಹೆಸರು ಯಾವುದಾದರೂ ಇರಲಿ, ಅನ್ನದ ರೇವು ಇದು. ಮೆಣಸಿಗಾಗಿ ಪ್ರಸಿದ್ಧವಾದ ರೇವುಗಳು ಬೇರೆ ಇದ್ದವು. ಮೆಣಸು ಬೆಳೆದವರೂ ಉಣ್ಣಲು ಬಸರೂರಿನ ಅಕ್ಕಿಯನ್ನು ಕೊಳ್ಳಬೇಕಿತ್ತು.

ಊರನ್ನು ನೋಡಲು ಹೊರಟೆವು. ನಿರೀಕ್ಷೆ ಇಟ್ಟುಕೊಂಡು ಬಂದವರಿಗೆ ಇಲ್ಲಿ ಮೊದಲ ನೋಟಕ್ಕೆ ಏನೂ ಇಲ್ಲ. ಒಂದು ಪೇಟೆಬೀದಿ, ಶಾಲೆ, ಕಾಲೇಜು, ಬಸ್ಸು ನಿಲ್ಲುವ ತಾಣ. ಮಂಡಿಬಾಗಿಲು ಎಂಬ ಹೆಸರು ಉಳಿದಿದೆ. ಮಂಡಿಯೂ ಇಲ್ಲ, ಬಾಗಿಲೂ ಇಲ್ಲ. ಮಹಾಲಿಂಗೇಶ್ವರ ದೇವಾಲಯ ಊರಿನ ಹೃದಯ. ವಿಜಯನಗರದ ಕಾಲದ ಶಾಸನಗಳಿಂದ ತಿಳಿಯುವಂತೆ ಊರು ಪಡುವಕೇರಿ, ಮೂಡಕೇರಿ ಎಂದು ಎರಡಾಗಿತ್ತು. ಸೆಟ್ಟಿಕಾರರ ಸಂಘಗಳೇ ಊರಿನ ವ್ಯವಹಾರವನ್ನು ನಡೆಸುತ್ತಿದ್ದವು. ಕರಾವಳಿಯ ಶಾಸನಗಳಲ್ಲಿ ಬರುವ ಹಂಜಮಾನರು ಎಂಬವರು ಕಡಲಾಚೆಯಿಂದ ಬಂದು ನೆಲೆಸಿದ ಮುಸಲ್ಮಾನ ವರ್ತಕರ ಸಂಘದವರು. ಅರಸನ ಹೆಸರು ಶಾಸನದ ತಲೆಯಲ್ಲಿದೆ, ಊರಿನ ಕೆಲಸ ಈ ಸಂಘಗಳ ಕೈಯಲ್ಲಿದೆ. ಪಾದೂರು ಗುರುರಾಜ ಭಟ್ಟರೂ ಕೆ. ವಿ. ರಮೇಶರೂ 1970ರ ದಶಕದಲ್ಲಿ ತಮ್ಮ ಗ್ರಂಥಗಳಲ್ಲಿ ಈ ಕರಾವಳಿಯ ಚರಿತ್ರೆಗೆ ಬುನಾದಿ ಹಾಕಿಕೊಟ್ಟರು. ಅವರಿಲ್ಲದಿದ್ದರೆ ನಾವು ಕಲ್ಲುಗಳನ್ನು ಕಲ್ಲುಗಳೆಂದೇ ನೋಡಿ ಬರುತ್ತಿದ್ದೆವು.

ಅಲ್ಲಿಂದ ತುಳುವೇಶ್ವರನ ಗುಡಿಗೆ ಕರೆದೊಯ್ದರು. ಗುಡಿ ಎನ್ನುವುದಕ್ಕಿಂತ ಮರ ಎನ್ನಬೇಕು. ಹಳೆಯ ಮುರಕಲ್ಲಿನ ಗರ್ಭಗುಡಿಯನ್ನು ಮರದ ಬೇರುಗಳು ನಾಲ್ಕು ಕಡೆಯಿಂದಲೂ ತಬ್ಬಿ ಹಿಡಿದಿವೆ. ಬೇರುಗಳ ನಡುವಿನ ಕಿಂಡಿಯಲ್ಲಿ ಬಾಗಿ ನೋಡಿದರೆ ಲಿಂಗ. ಬೇರು ಗೋಡೆಯನ್ನು ಒಡೆದಿದೆಯೋ, ಒಡೆದು ಬೀಳುವ ಗೋಡೆಯನ್ನು ಹಿಡಿದು ನಿಲ್ಲಿಸಿದೆಯೋ ಎಂದು ಅಧ್ಯಾಪಕರ ಮಗ ಕೇಳಿದ. ಎರಡೂ ಇರಬಹುದು. ಸ್ಥಾವರದ ವಿಷಯದಲ್ಲಿ ನಮ್ಮ ಶರಣರ ನಿಲುವು ಓದುಗರಿಗೆ ತಿಳಿದೇ ಇದೆ. ಆದರೂ ಅಲ್ಲಿ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿತು.

1623ರ ಚಳಿಗಾಲದಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ ಎಂಬ ಪ್ರವಾಸಿ ಇಕ್ಕೇರಿಯಲ್ಲಿ ಹಿರಿಯ ವೆಂಕಟಪ್ಪನಾಯಕರ ಆಸ್ಥಾನವನ್ನು ಕಂಡು, ಅಲ್ಲಿ ಜಂಗಮರನ್ನು ನೋಡಿ ಬರೆದು, ಘಟ್ಟ ಇಳಿದು ಬಸರೂರಿಗೆ ಬಂದನು. ಅವನ ಬರಹದಂತೆ ಆಗ ಬಸರೂರುಗಳು ಎರಡು. ಒಳಗಿನ ಮೇಲಿನ ಬಸರೂರು ನಾಯಕರದು; ಕಡಲ ಕಡೆಯ ಕೆಳಗಿನ ಬಸರೂರು 1569ರಲ್ಲಿ ದಂಡೆತ್ತಿ ಬಂದು ಕೋಟೆ ಕಟ್ಟಿ ಕುಳಿತ ಪೋರ್ಚುಗೀಸರದು. ಮೇಲಿನ ಊರಿನ ಬೀದಿ ಉದ್ದವಾಗಿ, ಅಗಲವಾಗಿ, ನೇರವಾಗಿದ್ದು ಎರಡು ಕಡೆ ತೋಟಗಳಿದ್ದವೆಂದೂ, ಕೋಟೆಗೋಡೆ ದುರ್ಬಲವಾಗಿತ್ತೆಂದೂ, ಕಂದಕವನ್ನು ದಾಟಲು ಒಂದೆರಡು ಭಾರಿ ಕಲ್ಲುಗಳನ್ನೇ ಸೇತುವೆಯಾಗಿ ಹಾಸಿದ್ದರೆಂದೂ ಅವನು ಹೇಳುತ್ತಾನೆ. ಗೋಡೆ ದುರ್ಬಲವಾಗಿತ್ತು ಎಂಬ ಆ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಶಿವಪ್ಪನಾಯಕರು 1645ರಲ್ಲಿ ಪಟ್ಟಕ್ಕೆ ಬಂದರು. 1652ರಿಂದ 1654ರೊಳಗೆ ಹೊನ್ನಾವರದಿಂದ ಮಂಗಳೂರಿನವರೆಗಿನ ಪೋರ್ಚುಗೀಸರ ಕೋಟೆಗಳೆಲ್ಲ ಅವರ ವಶವಾದವು. ಬಸರೂರು, ಗಂಗೊಳ್ಳಿಗಳೂ ಅವುಗಳಲ್ಲಿದ್ದವು. ಈ ಭಾಗವನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇವೆ. ಹೇಳುವಾಗ ಸಭಿಕರ ಮುಖ ಅರಳುವುದನ್ನೂ ಕಂಡಿದ್ದೇವೆ. ಹೊಲಗದ್ದೆಗಳನ್ನು ಐದು ದರ್ಜೆಯಾಗಿ ವಿಂಗಡಿಸಿ ಕಂದಾಯ ಗೊತ್ತುಮಾಡಿದ ಅವರ ಶಿಸ್ತಿನ ಕೀರ್ತಿಯನ್ನೂ ಅಲ್ಲಿಯೇ ಸೇರಿಸುವುದು ವಾಡಿಕೆ. ನಮ್ಮ ಅರಸರೆಂಬ ಅಭಿಮಾನ ತಪ್ಪಲ್ಲ. ಆದರೆ ಅಭಿಮಾನದ ಕಥೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳುವವನೇ ಆರಿಸಿಕೊಂಡಿರುತ್ತಾನೆ. ನಾವು 1654ರಲ್ಲಿ ನಿಲ್ಲಿಸುತ್ತಿದ್ದೆವು.

ಸಂಜೆ ವರ್ತಕರ ಜಗುಲಿಯಲ್ಲಿ ಕುಳಿತಾಗ ಮಾತು ಅಲ್ಲಿಂದ ಮುಂದಕ್ಕೆ ಹೋಯಿತು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಮಾಲವಣದಿಂದ ಮೂರು ದೊಡ್ಡ ಹಡಗುಗಳನ್ನೂ 85 ಸಣ್ಣ ನೌಕೆಗಳನ್ನೂ ತಂದು ಬಸರೂರಿನ ಮೇಲೆ ಇಳಿದರು. ಲೆಕ್ಕ ಆ ಕಾಲದ ಇಂಗ್ಲಿಷ್ ವರ್ತಕರ ಪತ್ರಗಳದು. ಊರನ್ನು ಸೂರೆ ಮಾಡಿ, ಅಪಾರ ಧನದೊಡನೆ ಗೋಕರ್ಣದ ಮೂಲಕ ಹಿಂದಿರುಗಿದರು. ಅವರು ಪೋರ್ಚುಗೀಸರಿಂದ ಊರನ್ನು ಬಿಡಿಸಲು ಬಂದರೆಂದು ಇತ್ತೀಚೆಗೆ ಹೇಳುವವರಿದ್ದಾರೆ. ವರ್ಷಗಳು ಆ ಮಾತಿಗೆ ಒಪ್ಪುವುದಿಲ್ಲ. ಪೋರ್ಚುಗೀಸರು ಹೊರಬಿದ್ದು ಆಗಲೇ ಹತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ಸೂರೆಹೋದದ್ದು ಕೆಳದಿಯ ಊರು. ಕೆಳದಿ ಆಗ ಎಲ್ಲಿತ್ತು? 1660ರಲ್ಲಿ ಶಿವಪ್ಪನಾಯಕರು ಲಿಂಗೈಕ್ಯರಾದ ಮೇಲೆ ಪಟ್ಟ ಕೈಯಿಂದ ಕೈಗೆ ಹೋಗುತ್ತಿತ್ತು. 1663ರಲ್ಲಿ ಬಿಜಾಪುರದ ಆದಿಲ್‌ಶಾಹಿ ಸೇನೆ ಬಿದನೂರಿನವರೆಗೂ ಬಂದು ಹೋಗಿತ್ತು. ಘಟ್ಟದ ಮೇಲಿನವರು ತಮ್ಮ ಬಾಗಿಲನ್ನೇ ಭದ್ರಪಡಿಸಿಕೊಳ್ಳುತ್ತಿರುವಾಗ ಕೆಳಗಿನ ಬಾಗಿಲು ತೆರೆದೇ ಇತ್ತು.

ಇದಾದ 24 ವರ್ಷಗಳ ಮೇಲೆ, 1689ರಲ್ಲಿ, ಔರಂಗಜೇಬನ ಸೇನೆಯಿಂದ ತಪ್ಪಿಸಿಕೊಂಡು ಜಿಂಜಿಗೆ ಹೊರಟಿದ್ದ ರಾಜಾರಾಮ ಕೆಳದಿಯ ಸೀಮೆಗೆ ಬಂದನು. ಅವನು ಆ ಶಿವಾಜಿಯ ಮಗ. ರಾಣಿ ಚೆನ್ನಮ್ಮಾಜಿಯವರು ಆಶ್ರಯ ಕೊಟ್ಟರು. ಮೊಗಲರ ದಂಡು ಬಂದರೂ ಶರಣಾಗತನನ್ನು ಒಪ್ಪಿಸಲಿಲ್ಲ. ಈ ಪ್ರಸಂಗವೂ ನಮ್ಮ ಪ್ರವಚನಗಳಲ್ಲಿ ನೂರಾರು ಬಾರಿ ಬಂದದ್ದೇ. ಜಗುಲಿಯ ಮೇಲೂ ಅದೇ ಓಘದಲ್ಲಿ ಹೇಳಿದೆವು: ತಂದೆ ತನ್ನ ರಾಜ್ಯದ ರೇವನ್ನು ಸೂರೆಮಾಡಿದ್ದರೂ ಮಗನನ್ನು ಕಾಪಾಡಿದ ದೊಡ್ಡತನ ಎಂದು. ವರ್ತಕರು ಸ್ವಲ್ಪ ಹೊತ್ತು ಸುಮ್ಮನಿದ್ದು ಬಹಳ ವಿನಯದಿಂದ ಕೇಳಿದರು: “ರಾಣಿಯವರು ಶರಣು ಬಂದವನನ್ನು ಕಾಪಾಡಿದ್ದು ಸರಿ. ಕಂದಾಯ ಕೊಟ್ಟ ಊರನ್ನು ಕಾಪಾಡಬೇಕಾದವರು ಯಾರು, ಶಾಸ್ತ್ರಿಗಳೇ? ಕ್ಷಮಿಸಿದ್ದು ಬಿದನೂರು. ಕಳೆದುಕೊಂಡದ್ದು ಬಸರೂರು.”

ನಮಗೆ ಉತ್ತರ ಹೊಳೆಯಲಿಲ್ಲ. ಹೊಳೆದಂತೆ ಮಾಡಿ ಒಂದು ಶ್ಲೋಕವನ್ನೋ ಸಾಮತಿಯನ್ನೋ ಹೇಳುವ ಅಭ್ಯಾಸ ನಮ್ಮ ವೃತ್ತಿಯವರಿಗೆ ಉಂಟು. ಅಂದು ಅದೂ ಬಾಯಿಗೆ ಬರಲಿಲ್ಲ. ಅಧ್ಯಾಪಕರು ವಿಷಯವನ್ನು ಬದಲಿಸಲು ಅಡಕೆಯ ಧಾರಣೆಯನ್ನು ಕೇಳಿದರು.

ರಾತ್ರಿ ನಿದ್ರೆ ತಡವಾಗಿ ಬಂದಿತು. ಥಾಮಸ್ ಮನ್ರೋ 1800ರಲ್ಲಿ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದಾಗ ಬರೆದ ವರದಿಯೊಂದು ನೆನಪಾಯಿತು. ವಿಜಯನಗರ ಕಾಲದ ರೇಖೆ ಎಂಬ ಕಂದಾಯದ ಮೇಲೆ ಬಿದನೂರಿನವರು 1618ರಲ್ಲಿ, ಮಂಗಳೂರು ಹೋಬಳಿಯನ್ನು ಬಿಟ್ಟು, ನೂರಕ್ಕೆ 50ರಷ್ಟು ಹೆಚ್ಚಿಗೆ ಹಾಕಿದರೆಂದು ಅದರಲ್ಲಿದೆ. ಮನ್ರೋ ತನ್ನ ಸರ್ಕಾರಕ್ಕೆ ಬೇಕಾದಂತೆ ವಾದ ಹೂಡಿದವನು ಎಂದು ಇಂಥವನ್ನು ತಳ್ಳಿಹಾಕಬಹುದು. ನಾವೂ ಹಾಗೆಯೇ ಮಾಡುತ್ತಿದ್ದೆವು. ಆದರೆ ಕೆಳದಿಯ ಅರಸರು ಘಟ್ಟದ ಮೇಲೆ ಕಟ್ಟಿಸಿದ ಮಠಗಳು, ಬಿಟ್ಟ ಉಂಬಳಿಗಳು, ನಡೆಸಿದ ದಾಸೋಹಗಳು ಮುಗಿಲಿನಿಂದ ಇಳಿದು ಬಂದವಲ್ಲ. ಈ ಗದ್ದೆಗಳ ಅಕ್ಕಿ ಕಡಲು ದಾಟಿ ಹೊನ್ನಾಗಿ ಮರಳಿ, ಆ ಹೊನ್ನು ಬಾಳೆಬರೆಯ ದಾರಿಯನ್ನೇರಿ ಬಂದುದರಲ್ಲಿ ಅವುಗಳ ಪಾಲೂ ಇದ್ದಿರಬೇಕು. ನಾವು ಬಾಲ್ಯದಲ್ಲಿ ಉಂಡ ಮಠದ ಅನ್ನಕ್ಕೆ ಹಳೆಯ ಲೆಕ್ಕದಲ್ಲಿ ಈ ಊರೂ ಸಾಲಗಾರನಲ್ಲ, ಸಾಲಿಗ. ಕಾಯಕದ ಕುರಿತು ಇಷ್ಟು ಮಾತನಾಡುವ ನಮಗೆ ಯಾರ ಕಾಯಕ ಎಲ್ಲಿಗೆ ತಲುಪಿತೆಂದು ಕೇಳಬೇಕೆನಿಸದೆ ನಲವತ್ತು ವರ್ಷ ಕಳೆದುಹೋದದ್ದು ಆಶ್ಚರ್ಯ.

ಮರುದಿನ ಬೆಳಿಗ್ಗೆ ನದಿಗೆ ಹೋದೆವು. ದೋಣಿಯವರೊಬ್ಬರು ಕುದ್ರುವಿನ ಸುತ್ತ ಒಂದು ಬಳಸು ಹಾಕಿಸಿದರು. ನಮಗೆ ಅಂಬಿಗರ ಚೌಡಯ್ಯ ಶರಣರು ನೆನಪಾಗಿ ಅವರ ವಿಷಯ ಹೇಳಿದೆವು. ದೋಣಿಯವರು ಗಮನವಿಟ್ಟು ಕೇಳಿ, ಅವರು ಹುಟ್ಟು ಹಾಕಿದ್ದು ಸಿಹಿನೀರಿನಲ್ಲೋ ಉಪ್ಪುನೀರಿನಲ್ಲೋ ಎಂದು ವಿಚಾರಿಸಿದರು. ತುಂಗಭದ್ರೆಯ ಕಡೆಯವರು, ಸಿಹಿನೀರು ಎಂದೆವು. ಹಾಗಾದರೆ ಅವರಿಗೆ ಉಬ್ಬರ ಇಳಿತದ ತಾಪತ್ರಯವಿರಲಿಲ್ಲ ಎಂದು ಅವರ ತೀರ್ಪು! ಇಳಿತ ನಡೆದಿತ್ತು. ದಡದಲ್ಲಿ ಕೆಸರು ಮೊಳಕಾಲಿನಷ್ಟು ಕಾಣುತ್ತಿತ್ತು. 1763ರಲ್ಲಿ ಹೈದರಾಲಿಯಿಂದ ಬಿದನೂರು ಬಿದ್ದ ಮೇಲೆ, 1799ರಲ್ಲಿ ಇಂಗ್ಲಿಷರು ಬಂದ ಮೇಲೆ ಈ ಊರಿನ ವೈಭವ ಸ್ವಲ್ಪಸ್ವಲ್ಪವಾಗಿ ಕೆಳಗೆ ಕುಂದಾಪುರ, ಗಂಗೊಳ್ಳಿಗಳಿಗೆ ಇಳಿದುಹೋಯಿತು. ಈಗ ಕೊಂಕಣ ರೈಲಿನ ಕುಂದಾಪುರ ನಿಲ್ದಾಣ ಬಸರೂರಿಗೆ ಸಮೀಪದ ಮೂಡ್ಲಕಟ್ಟೆಯಲ್ಲಿದೆ. 1998ರಲ್ಲಿ ಹಾದಿ ಪೂರ್ಣವಾಗಿ ತೆರೆದಂದಿನಿಂದ ಕಡಲ ದಾರಿಯಲ್ಲಿ ಹೋಗುತ್ತಿದ್ದ ಗೋವೆ, ಮುಂಬಯಿಗಳಿಗೆ ಊರ ಮಕ್ಕಳು ಹಳಿಯ ಮೇಲೆ ಹೋಗುತ್ತಾರೆ.

ಹಿಂದಿರುಗುವ ಮುನ್ನ ಬ್ರಹ್ಮಾವರದ ಕಡೆಗೆ ತಿರುಗಿ ಸೀತಾನದಿಯ ಸಮೀಪದ ಬಾರಕೂರನ್ನೂ ನೋಡಿದೆವು. ಆಳುಪರ ರಾಜಧಾನಿಯಾಗಿದ್ದ, ವಿಜಯನಗರದ ಪ್ರಾಂತಾಧಿಕಾರಿಗಳು ಆಳಿದ ಊರು. ಕೇರಿಗೊಂದರಂತೆ ಗುಡಿ, ಕತ್ತಲೆ ಬಸದಿಯ ತಂಪು, ಕೋಟೆಯ ಅಡಿಪಾಯ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು. ನಮ್ಮ ಮನಸ್ಸು ಬಸರೂರಿನ ಜಗುಲಿಯಲ್ಲಿಯೇ ಇದ್ದುದರಿಂದ ಅಂದು ನೋಡಿದ್ದು ಕಣ್ಣು ಮಾತ್ರ.

ಬಸರೂರಿನಿಂದ ಹೊರಡುವಾಗ ವರ್ತಕರಿಗೆ ಕೈಮುಗಿದು, ನಿಮ್ಮ ಪ್ರಶ್ನೆಗೆ ಉತ್ತರ ಹೇಳದೆ ಹೋಗುತ್ತಿದ್ದೇವೆ ಎಂದಿದ್ದೆವು. ಅವರು ನಕ್ಕು, ನಾನೂರು ವರ್ಷ ಕಾದ ಊರು ಇದು, ಇನ್ನೊಮ್ಮೆ ಬನ್ನಿ ಎಂದು, ನಮ್ಮ ವಾಹನದಲ್ಲಿ ಒಂದು ಚೀಲ ಇರಿಸಿದರು. ಅವರ ಗದ್ದೆಯ ಕೆಂಪು ಕುಚ್ಚಲಕ್ಕಿ. ದಾಸೋಹಕ್ಕೆ ಇರಲಿ ಎಂದರು. ಬೇಡವೆನ್ನಲು ನಾಲಗೆ ಏಳಲಿಲ್ಲ. ಬಾಳೆಬರೆಯನ್ನು ಏರುವಾಗ ತಿರುವು ತಿರುವಿಗೂ ಆ ಚೀಲ ಹಿಂದೆ ಹೊರಳುತ್ತಿತ್ತು. ತರುಣ ಅದನ್ನು ಕಾಲಿನಿಂದ ಒತ್ತಿ ಹಿಡಿದುಕೊಂಡ.

ಮಠಕ್ಕೆ ತಲುಪಿದಾಗ ಸಂಜೆಯ ಪೂಜೆಯ ಹೊತ್ತು. ಚೀಲವನ್ನು ಅಡುಗೆಮನೆಗೆ ಒಪ್ಪಿಸಿದೆವು. ಬಹಳ ಕಾಲದಿಂದ ಸೋನಾ ಅಕ್ಕಿಯನ್ನೇ ಬೇಯಿಸುತ್ತ ಬಂದ ಬಾಣಸಿಗರು ಒಂದು ಹಿಡಿ ಕೈಗೆ ತೆಗೆದುಕೊಂಡು, ದಪ್ಪಗಿದೆ, ಇದಕ್ಕೆ ಎಷ್ಟು ನೀರು ಇಡಬೇಕು ಎಂದು ನಮ್ಮನ್ನು ಕೇಳಿದರು. ನಮಗೂ ಗೊತ್ತಿರಲಿಲ್ಲ. ಅಧ್ಯಾಪಕರು ಬಸರೂರಿಗೆ ದೂರವಾಣಿ ಮಾಡಿ ಆ ತಾಯಿಯನ್ನೇ ಕೇಳಿದರು.